ತೀರ್ಪು ನ್ಯಾಯಾಲಯದ್ದು, ಋಣ ಅಮ್ಮನದು: ಜಯಲಲಿತಾ ಪ್ರಕರಣ ಮತ್ತು ಬೆಂಬಲಿಗರ ನಿಷ್ಠೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಮಾನ್ಯರೇ,

2014ರ ಸೆಪ್ಟೆಂಬರ್ 27ರ ಶನಿವಾರ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹ ಅವರು ತಮಿಳುನಾಡಿನ ಮುಖ್ಯಮಂತ್ರಿ ಜೆ. ಜಯಲಲಿತಾ ಅವರನ್ನು ಆದಾಯ ಮೀರಿದ ಆಸ್ತಿ ಗಳಿಕೆಯ ಪ್ರಕರಣದಲ್ಲಿ ಅಪರಾಧಿ ಎಂದು ಘೋಷಿಸಿ, ನಾಲ್ಕು ವರ್ಷಗಳ ಸೆರೆವಾಸವನ್ನೂ 100 ಕೋಟಿ ರೂಪಾಯಿ ದಂಡವನ್ನೂ ವಿಧಿಸಿದರು. ಹದಿನೆಂಟು ವರ್ಷ ಎಳೆದಾಡಿದ ಪ್ರಕರಣವೊಂದು ಅಂದು ಸಂಜೆಯ ಹೊತ್ತಿಗೆ ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯೊಬ್ಬರನ್ನು ಪಕ್ಕದಲ್ಲೇ ಇದ್ದ ಕೇಂದ್ರ ಕಾರಾಗೃಹದ ಒಳಕ್ಕೆ ಕಳುಹಿಸಿತು. ಹೊರಗೆ, ಪೊಲೀಸರು ನಿಲ್ಲಿಸಿದ್ದ ತಡೆಗಳ ಆಚೆ, ಹೊಸೂರಿನ ಕಡೆಯಿಂದ ಬಂದಿದ್ದ, ಅವರ ಪಕ್ಷವಾದ ಅಣ್ಣಾ ಡಿಎಂಕೆಯ ಬೆಂಬಲಿಗರಿದ್ದರು. ಆ ಪಕ್ಷದ ಕಾರ್ಯಕರ್ತನನ್ನು ಗುರುತಿಸುವುದು ಕಷ್ಟವಲ್ಲ. ಬಿಳಿ ಅಂಗಿ, ಪಕ್ಷದ ಬಣ್ಣದ ಅಂಚಿರುವ ಪಂಚೆ, ಅಂಗಿಯ ತೆಳುಜೇಬಿನೊಳಗಿಂದ ಹೊರಗೆ ಕಾಣುವಂತೆ ಇಟ್ಟುಕೊಂಡ, ಅವರು ‘ಅಮ್ಮ’ ಎಂದೇ ಕರೆಯುವ ಜಯಲಲಿತಾ ಅವರ ಭಾವಚಿತ್ರ. ತೀರ್ಪಿನ ಸುದ್ದಿ ತಿಳಿದಾಗ ಅವರು ಅತ್ತರು, ಎದೆ ಬಡಿದುಕೊಂಡರು, ಕೆಲವರು ನೆಲದ ಮೇಲೆ ಬಿದ್ದು ಹೊರಳಾಡಿದರು. ಮುಂದಿನ ಕೆಲವು ವಾರ ತಮಿಳುನಾಡಿನ ಊರೂರುಗಳಲ್ಲಿ ಹರಕೆಯ ಹಾಲಿನ ಕೊಡಗಳು ಹೊರಟವು, ತಲೆಗೂದಲು ಮುಡಿಪಾಯಿತು, ಹೆಂಗಸರು ದೇವಸ್ಥಾನದ ನೆಲದ ಮೇಲೆ ಎಲೆಯಿಲ್ಲದೆ ಅನ್ನ ಬಡಿಸಿಕೊಂಡು ಉಂಡರು.

ಇಂಥ ದೃಶ್ಯಗಳನ್ನು ಕಂಡಾಗ ಓದಿದವರ ಬಾಯಿಂದ ತಕ್ಷಣ ಹೊರಡುವ ಮಾತುಗಳು ನಮಗೆಲ್ಲ ಗೊತ್ತು: ಅಂಧಾಭಿಮಾನ, ಸಿನಿಮಾ ಹುಚ್ಚು, ದುಡ್ಡು ಕೊಟ್ಟು ಕರೆತಂದ ಜನ. ಈ ಮೂರರಲ್ಲೂ ಸ್ವಲ್ಪ ಸತ್ಯವಿರಬಹುದು. ಆದರೆ ಈ ಮಾತುಗಳನ್ನು ಆಡಿ ಸುಮ್ಮನಾಗುವವರು ಆ ಮನುಷ್ಯನ ಮನಸ್ಸನ್ನು ಅರಿಯುವ ಕೆಲಸವನ್ನೇ ಕೈಬಿಟ್ಟಿರುತ್ತಾರೆ. ಆತನಿಗೆ ಪ್ರಕರಣದ ವಿವರ ತಿಳಿಯದು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಆತನಿಗೆ ಅದು ಚೆನ್ನಾಗಿ ತಿಳಿದಿರುತ್ತದೆ. ಆತ ಬೇರೊಂದು ಲೆಕ್ಕದ ಪುಸ್ತಕವನ್ನು ಇಟ್ಟುಕೊಂಡಿದ್ದಾನೆ, ಅದರಲ್ಲಿ ಆತನೇ ಸಾಲಗಾರ. ಆ ಸಾಲ ಹೇಗೆ ಹುಟ್ಟಿತು, ಅದನ್ನು ಯಾರು ಬೆಳೆಸಿದರು, ಕೊನೆಗೆ ಯಾರು ತೀರಿಸಿದರು ಎಂಬುದೇ ನಾನು ಇಂದು ಹೇಳಬೇಕೆಂದಿರುವ ವಿಷಯ.

ಮೊದಲು ಪ್ರಕರಣದ ಹಾದಿಯನ್ನು ನೆನಪಿಸಿಕೊಳ್ಳೋಣ. 1991ರಲ್ಲಿ ಮೊದಲ ಬಾರಿಗೆ ಮುಖ್ಯಮಂತ್ರಿಯಾದಾಗ ಜಯಲಲಿತಾ ತಿಂಗಳಿಗೆ ಒಂದು ರೂಪಾಯಿ ಮಾತ್ರ ಸಂಬಳ ಪಡೆಯುವುದಾಗಿ ಹೇಳಿದ್ದರು. 1995ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ನಡೆದ ಅವರ ಸಾಕುಮಗನ ಮದುವೆಯ ವೈಭವ ಇಡೀ ದೇಶದ ಬಾಯಿಗೆ ಬಿತ್ತು. 1996ರಲ್ಲಿ ಸುಬ್ರಮಣಿಯನ್ ಸ್ವಾಮಿ ದೂರು ಕೊಟ್ಟರು, ಅದೇ ವರ್ಷ ಅಧಿಕಾರಕ್ಕೆ ಬಂದಿದ್ದ ಡಿಎಂಕೆ ಸರ್ಕಾರದ ಕಾಲದಲ್ಲಿ ತನಿಖೆ ಮುಂದುವರಿಯಿತು, ಡಿಸೆಂಬರ್‌ನಲ್ಲಿ ಬೇರೊಂದು ಭ್ರಷ್ಟಾಚಾರ ಪ್ರಕರಣದಲ್ಲಿ ಬಂಧನವೂ ಆಯಿತು. ಪೋಯಸ್ ಗಾರ್ಡನ್‌ನ ಮನೆಯ ಶೋಧದಲ್ಲಿ ಸಿಕ್ಕ 28 ಕಿಲೋ ಚಿನ್ನ, 10,500 ಸೀರೆ ಮತ್ತು 750 ಜೊತೆ ಪಾದರಕ್ಷೆಗಳ ಪಟ್ಟಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಯಿತು. 1997ರ ದೋಷಾರೋಪ ಪಟ್ಟಿಯು 1991ರ ಜುಲೈಯಿಂದ 1996ರ ಏಪ್ರಿಲ್‌ವರೆಗಿನ ಅವಧಿಯಲ್ಲಿ ಆದಾಯ ಮೀರಿ ಸುಮಾರು 66 ಕೋಟಿ ರೂಪಾಯಿ ಆಸ್ತಿ ಗಳಿಸಿದ ಆರೋಪವನ್ನು ಅವರ ಮೇಲೂ ಅವರ ಮನೆಯಲ್ಲಿದ್ದ ವಿ.ಕೆ. ಶಶಿಕಲಾ, ಇಳವರಸಿ, ಸುಧಾಕರನ್ ಅವರ ಮೇಲೂ ಹೊರಿಸಿತು.

2001ರಲ್ಲಿ ಅವರ ಪಕ್ಷ ಮತ್ತೆ ಅಧಿಕಾರಕ್ಕೆ ಬಂದ ನಂತರ ಆದದ್ದೇ ಈ ಪ್ರಕರಣವನ್ನು ಬೆಂಗಳೂರಿಗೆ ತಂದಿತು. ಆಗಲೇ ಸಾಕ್ಷ್ಯ ನುಡಿದು ಹೋಗಿದ್ದ 76 ಮಂದಿಯನ್ನು ಮರಳಿ ಕರೆಸಲಾಯಿತು. ಅವರಲ್ಲಿ 64 ಮಂದಿ ತಮ್ಮ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು, ಅಭಿಯೋಜಕರು ಅದಕ್ಕೆ ಆಕ್ಷೇಪವನ್ನೇ ಎತ್ತಲಿಲ್ಲ. ಡಿಎಂಕೆಯ ಪ್ರಧಾನ ಕಾರ್ಯದರ್ಶಿ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. 2003ರ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ವಿಚಾರಣೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಬಿ.ವಿ. ಆಚಾರ್ಯ ಅವರು ವಿಶೇಷ ಸರ್ಕಾರಿ ಅಭಿಯೋಜಕರಾದರು. 2011ರಲ್ಲಿ ಮತ್ತೆ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಖುದ್ದಾಗಿ ಬೆಂಗಳೂರಿಗೆ ಬಂದು ನ್ಯಾಯಾಲಯ ಕೇಳಿದ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಯಿತು.

ಇಷ್ಟು ದೀರ್ಘ ಕಾಲದಲ್ಲಿ ತಮಿಳುನಾಡಿನ ಮತದಾರ ಏನು ಮಾಡಿದ ಎಂಬುದನ್ನು ನೋಡಿದರೆ, ನಾವು ಒಂದೇ ಎಂದು ಭಾವಿಸುವ ಇಬ್ಬರು ಬೇರೆಬೇರೆಯಾಗಿ ಕಾಣುತ್ತಾರೆ. 1996ರಲ್ಲಿ ಮತದಾರ ಅಣ್ಣಾ ಡಿಎಂಕೆಗೆ ಕೇವಲ 4 ಸ್ಥಾನ ಕೊಟ್ಟ. ಬರಗೂರಿನಲ್ಲಿ ಸ್ವತಃ ಜಯಲಲಿತಾ ಸೋತರು. 2001ರಲ್ಲಿ ಅದೇ ಪಕ್ಷಕ್ಕೆ 132 ಸ್ಥಾನ ಬಂತು. 2004ರ ಲೋಕಸಭಾ ಚುನಾವಣೆಯಲ್ಲಿ ಸೊನ್ನೆ. 2014ರಲ್ಲಿ, ಶಿಕ್ಷೆಗೆ ನಾಲ್ಕೇ ತಿಂಗಳ ಹಿಂದೆ, 39ರಲ್ಲಿ 37. ಮತದಾರ ಸಿಟ್ಟಾಗಿದ್ದಾನೆ, ಮರೆತಿದ್ದಾನೆ, ತೂಗಿ ನೋಡಿದ್ದಾನೆ, ಎದುರಾಳಿಯ ಮೇಲಿನ ಕೋಪಕ್ಕಾಗಿ ಇವರನ್ನು ಮರಳಿ ತಂದಿದ್ದಾನೆ. ಇದು ಪ್ರಜಾಪ್ರಭುತ್ವದ ಸಹಜ ವ್ಯವಹಾರ. ಜೇಬಿನಲ್ಲಿ ಚಿತ್ರವಿಟ್ಟುಕೊಂಡವನು ಮಾತ್ರ ಈ ಏರಿಳಿತದಲ್ಲಿ ಎಲ್ಲಿಯೂ ಕದಲಲಿಲ್ಲ. ನಾಲ್ಕು ಸ್ಥಾನ ಬಂದಾಗಲೂ ಅವನು ಅಲ್ಲೇ ಇದ್ದ. ಆದ್ದರಿಂದ ‘ಜನರಿಗೆ ಭ್ರಷ್ಟಾಚಾರ ಮುಖ್ಯವಲ್ಲ’ ಎಂದು ಸಾರಾಸಗಟಾಗಿ ಹೇಳುವುದು ತಪ್ಪು. ಬಹುಪಾಲು ಜನರಿಗೆ ಅದು ಮುಖ್ಯವೇ, ಆದರೆ ಹಲವು ಮುಖ್ಯಗಳಲ್ಲಿ ಒಂದು.

ಕದಲದವನ ಕಡೆಗೆ ಬರೋಣ. ಅವನ ಋಣ ಎರಡು ಮೂಲಗಳಿಂದ ಬಂದದ್ದು. ಒಂದು, ಅವಮಾನದ ಕಥೆ. 1987ರ ಡಿಸೆಂಬರ್‌ನಲ್ಲಿ ಪಕ್ಷದ ಸ್ಥಾಪಕರೂ ಮುಖ್ಯಮಂತ್ರಿಯೂ ಆಗಿದ್ದ ಎಂ.ಜಿ. ರಾಮಚಂದ್ರನ್ (ಎಂಜಿಆರ್) ಅವರ ಪಾರ್ಥಿವ ಶರೀರದ ಪಕ್ಕದಲ್ಲಿ ಎರಡು ದಿನ ನಿಂತಿದ್ದ ಜಯಲಲಿತಾ ಅವರನ್ನು ಅಂತ್ಯಯಾತ್ರೆಯ ವಾಹನದಿಂದ ಕೆಳಕ್ಕೆ ತಳ್ಳಲಾಯಿತು. 1989ರ ಮಾರ್ಚ್ 25ರಂದು ವಿಧಾನಸಭೆಯ ಗದ್ದಲದಲ್ಲಿ ತಮ್ಮ ಸೀರೆಗೆ ಕೈಹಾಕಲಾಯಿತು ಎಂದು ಅವರು ಹೇಳಿದರು, ಮುಖ್ಯಮಂತ್ರಿಯಾಗಿಯೇ ಈ ಸದನಕ್ಕೆ ಕಾಲಿಡುತ್ತೇನೆ ಎಂದು ಶಪಥ ಮಾಡಿ ಹೊರನಡೆದರು. ಎರಡೇ ವರ್ಷದಲ್ಲಿ ಆ ಮಾತು ನಿಜವಾಯಿತು. ಇದನ್ನು ಕಣ್ಣಾರೆ ಕಂಡ ಅಥವಾ ಮನೆಯಲ್ಲಿ ಕೇಳಿ ಬೆಳೆದ ಕಾರ್ಯಕರ್ತನಿಗೆ 1996ರ ಬಂಧನ ಹೊಸ ಅಧ್ಯಾಯವಾಗಿ ಕಾಣಲಿಲ್ಲ. ಅಂದು ತಳ್ಳಿದವರೇ ಇಂದು ಮೊಕದ್ದಮೆ ಹೂಡಿದ್ದಾರೆ ಎಂದಷ್ಟೇ ಕಂಡಿತು. ದೂರುದಾರ ರಾಜಕೀಯ ವಿರೋಧಿ, ತನಿಖೆ ನಡೆಸಿದ್ದು ಎದುರಾಳಿ ಪಕ್ಷದ ಸರ್ಕಾರ, ಪ್ರಕರಣವನ್ನು ಬೆಂಗಳೂರಿಗೆ ಒಯ್ದವರು ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿ. ಈ ಸಂಗತಿಗಳನ್ನು ಅವನು ಕಟ್ಟಿಕೊಂಡು ಹೇಳುತ್ತಿರಲಿಲ್ಲ, ಇವೆಲ್ಲ ನಿಜವೇ ಆಗಿದ್ದವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬೆಂಬಲಿಗನ ಅನುಮಾನ ಯಾವಾಗಲೂ ಹುಸಿಯೇ ಆಗಿರಬೇಕಿಲ್ಲ. ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಲೂಲಾ ಡ ಸಿಲ್ವಾ 2018ರ ಏಪ್ರಿಲ್‌ನಲ್ಲಿ ಭ್ರಷ್ಟಾಚಾರದ ಅಪರಾಧಿಯಾಗಿ ಸೆರೆಮನೆಗೆ ಹೋದಾಗ ಅವರ ಬೆಂಬಲಿಗರು ಕುರಿಟಿಬಾ ನಗರದ ಪೊಲೀಸ್ ಕಚೇರಿಯ ಸಮೀಪವೇ ಬಿಡಾರ ಹೂಡಿದರು. ಪ್ರತಿದಿನ ಬೆಳಿಗ್ಗೆ ಒಟ್ಟಾಗಿ ನಿಂತು, ಗೋಡೆಯ ಆಚೆ ಇದ್ದ ಅವರಿಗೆ ಕೇಳಿಸುವಂತೆ ಶುಭೋದಯ ಕೂಗುತ್ತಿದ್ದರು. 580 ದಿನ ಇದು ನಡೆಯಿತು. 2021ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಗಳನ್ನು ರದ್ದುಪಡಿಸಿತು, ವಿಚಾರಣೆ ನಡೆಸಿದ್ದ ನ್ಯಾಯಾಧೀಶರು ಪಕ್ಷಪಾತಿಯಾಗಿದ್ದರೆಂದೂ ಹೇಳಿತು. 2022ರಲ್ಲಿ ಲೂಲಾ ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಬಿಡಾರದಲ್ಲಿದ್ದವರನ್ನು 2018ರಲ್ಲಿ ಅಂಧಾಭಿಮಾನಿಗಳೆಂದು ಕರೆದವರು ಹಲವರಿದ್ದರು. ಹಾಗಾಗಿ ಗುಂಪಿನಲ್ಲಿ ನಿಂತು ಕಣ್ಣೀರಿಡುವುದೇ ತಪ್ಪಿನ ಗುರುತಲ್ಲ. ನಿಷ್ಠೆಯನ್ನು ಅಳೆಯಬೇಕಾದದ್ದು ಅದು ಏನು ಮಾಡುತ್ತದೆ ಎಂಬುದರಿಂದ.

ಋಣದ ಎರಡನೆಯ ಮೂಲವೇ ನನ್ನ ಮಟ್ಟಿಗೆ ಮುಖ್ಯವಾದದ್ದು. 1992ರಲ್ಲಿ ತೊಟ್ಟಿಲು ಮಗು ಯೋಜನೆ ಬಂತು. ಹೆಣ್ಣುಮಗು ಬೇಡವೆಂದವರು ಅದನ್ನು ಕೊಲ್ಲುವ ಬದಲು ಸರ್ಕಾರದ ತೊಟ್ಟಿಲಲ್ಲಿ ಬಿಟ್ಟುಹೋಗಲಿ ಎಂಬುದು ಅದರ ಉದ್ದೇಶ. ಅದೇ ವರ್ಷ ಮಹಿಳಾ ಪೊಲೀಸ್ ಠಾಣೆಗಳು ಆರಂಭವಾದವು. 2011ರ ನಂತರ ಪಡಿತರ ಚೀಟಿಯ ಮೇಲೆ ಉಚಿತ ಅಕ್ಕಿ, ಮನೆಗೆ ಮಿಕ್ಸಿ, ಗ್ರೈಂಡರ್, ಫ್ಯಾನ್, ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಬಂದವು. 2013ರಲ್ಲಿ ಚೆನ್ನೈಯಲ್ಲಿ ಅಮ್ಮ ಉಣವಗಂ ಎಂಬ ಅಗ್ಗದ ಊಟದ ಸರ್ಕಾರಿ ಕ್ಯಾಂಟೀನ್ ತೆರೆಯಿತು: ಒಂದು ರೂಪಾಯಿಗೆ ಒಂದು ಇಡ್ಲಿ, ಮೂರು ರೂಪಾಯಿಗೆ ಮೊಸರನ್ನ, ಐದು ರೂಪಾಯಿಗೆ ಸಾಂಬಾರ್ ಅನ್ನ. ಮುಂದೆ ಅಮ್ಮ ನೀರು, ಅಮ್ಮ ಉಪ್ಪು, ಅಮ್ಮ ಸಿಮೆಂಟ್. ಪ್ರತಿಯೊಂದರ ಮೇಲೂ ಹೆಸರು, ಹೆಚ್ಚಿನವುಗಳ ಮೇಲೆ ಮುಖ.

ಇವು ಒಳ್ಳೆಯ ಯೋಜನೆಗಳಲ್ಲವೆಂದು ನಾನು ಹೇಳುವುದಿಲ್ಲ. ಆಟೋ ಓಡಿಸುವವನೂ ಮೂಟೆ ಹೊರುವವನೂ ಹತ್ತು ರೂಪಾಯಿಯೊಳಗೆ ಹೊಟ್ಟೆ ತುಂಬಿಸಿಕೊಂಡು ಎದ್ದು ಹೋಗುವ ಜಾಗವೊಂದನ್ನು ನಡೆಸುವುದು ಸರ್ಕಾರ ಮಾಡಬಹುದಾದ ಉತ್ತಮ ಕೆಲಸಗಳಲ್ಲಿ ಒಂದು. ಇಡ್ಲಿ ಬೇಯಿಸಿದ್ದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಹಣ ಕೊಟ್ಟದ್ದು ನಗರಪಾಲಿಕೆ ಮತ್ತು ರಾಜ್ಯದ ಬೊಕ್ಕಸ, ಆ ಬೊಕ್ಕಸಕ್ಕೆ ತುಂಬಿದ್ದು ಬೀಡಿ, ಬೆಂಕಿಪೊಟ್ಟಣ, ಸೋಪಿನ ಮೇಲೆ ತೆರಿಗೆ ಕಟ್ಟಿದ ಅದೇ ಆಟೋದವನೂ ಅದೇ ಹಮಾಲಿಯೂ. ಅಂದರೆ ಅವನು ತನ್ನದೇ ಹಣದಲ್ಲಿ ಉಂಡು ಬೇರೊಬ್ಬರಿಗೆ ಋಣಿಯಾದ. ಒಮ್ಮೆ ಹಾಗೆ ಋಣಿಯಾದ ಮೇಲೆ, ‘ಇವರು ಸಾರ್ವಜನಿಕ ಸ್ಥಾನದಲ್ಲಿದ್ದುಕೊಂಡು ಅಕ್ರಮವಾಗಿ ಗಳಿಸಿದರು’ ಎಂಬ ಆರೋಪ ಅವನ ಮನಸ್ಸಿನ ಒಳಕ್ಕೆ ಇಳಿಯಲು ದಾರಿಯೇ ಇಲ್ಲ. ಕೊಡುವ ಕೈ ಅವರದೇ ಎಂದಾದರೆ, ಅವರು ತಮಗೂ ಸ್ವಲ್ಪ ಇಟ್ಟುಕೊಂಡರೆ ಅದು ಕಳವು ಹೇಗಾಗುತ್ತದೆ? ಅವನ ತರ್ಕದಲ್ಲಿ ದೋಷವಿಲ್ಲ. ದೋಷವಿರುವುದು ಅವನ ಕೈಗೆ ಕೊಟ್ಟ ಮೊದಲ ಸಾಲಿನಲ್ಲಿ, ಅಂದರೆ ಕೊಟ್ಟವರು ಯಾರು ಎಂಬಲ್ಲಿ. ಆ ಸಾಲನ್ನು ಬರೆದವರು ಸರ್ಕಾರ ನಡೆಸಿದವರು, ಸರ್ಕಾರದ ಖರ್ಚಿನಲ್ಲೇ ಬರೆದರು.

ನ್ಯಾಯಾಂಗದ ವಿಳಂಬವೂ ಈ ಋಣಕ್ಕೆ ಬಡ್ಡಿ ಸೇರಿಸಿತು. 1996ರಲ್ಲಿ ಹುಟ್ಟಿದ ಮಗು 2014ರಲ್ಲಿ ಮತದಾರನಾಗಿರುತ್ತದೆ. ಅಷ್ಟು ಕಾಲ ಒಂದು ಆರೋಪ ಆರೋಪವಾಗಿಯೇ ಉಳಿದರೆ ಅದು ಕೇಳುವವರ ಕಿವಿಗೆ ಹಳೆಯ ಹಾಡಾಗುತ್ತದೆ. ಇನ್ನು ತೀರ್ಪುಗಳು ಬಂದ ಬಗೆ. 2015ರ ಮೇ 11ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ನಾಲ್ವರನ್ನೂ ಖುಲಾಸೆಗೊಳಿಸಿದರು. ಆದಾಯಕ್ಕಿಂತ ಹೆಚ್ಚಾಗಿರುವ ಆಸ್ತಿ ಶೇ 8.12 ಮಾತ್ರ, ಶೇ 10ರವರೆಗೆ ವಿನಾಯಿತಿ ಇದೆ ಎಂಬುದು ಆಧಾರ. ಕೆಲವೇ ಗಂಟೆಗಳಲ್ಲಿ ಆಚಾರ್ಯರು ಆ ತೀರ್ಪಿನ ಸಾಲಗಳ ಕೋಷ್ಟಕವನ್ನು ತೋರಿಸಿದರು: ಅಲ್ಲಿ ಬರೆದಿದ್ದ ಮೊತ್ತಗಳನ್ನು ಕೂಡಿದರೆ 10.67 ಕೋಟಿ ಆಗುತ್ತದೆ, ತೀರ್ಪಿನಲ್ಲಿ 24.17 ಕೋಟಿ ಎಂದಿತ್ತು. ಆ ಹದಿಮೂರೂವರೆ ಕೋಟಿಯನ್ನು ಸರಿಪಡಿಸಿದರೆ ಶೇ 8 ಎಂಬುದು ಶೇ 76 ದಾಟುತ್ತದೆ. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು. ಆದರೆ ಮೇ 23ರಂದು ಜಯಲಲಿತಾ ಮತ್ತೆ ಪ್ರಮಾಣವಚನ ಸ್ವೀಕರಿಸಿ ಆಗಿತ್ತು, ಜೂನ್‌ನಲ್ಲಿ ಡಿಎಂಕೆ ಸ್ಪರ್ಧಿಸದಿದ್ದ ಆರ್.ಕೆ. ನಗರದ ಉಪಚುನಾವಣೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚಿನ ಅಂತರದ ಗೆಲುವೂ ಬಂತು. ಹರಕೆ ಹೊತ್ತವರಿಗೆ ಹರಕೆ ಫಲಿಸಿತು. ಕೂಡುವ ಲೆಕ್ಕವನ್ನು ಯಾರು ಅವರಿಗೆ ವಿವರಿಸಬೇಕಿತ್ತು?

ಈಗ ಹೇಳಲು ಕಷ್ಟವಾದ ಭಾಗಕ್ಕೆ ಬರುತ್ತೇನೆ. 2000ದ ಫೆಬ್ರವರಿ 2ರಂದು ಕೊಡೈಕೆನಾಲ್‌ನ ಹೋಟೆಲೊಂದಕ್ಕೆ ನಿಯಮ ಮೀರಿ ಅನುಮತಿ ಕೊಟ್ಟ ಪ್ರಕರಣದಲ್ಲಿ ಜಯಲಲಿತಾ ಅವರಿಗೆ ಒಂದು ವರ್ಷದ ಶಿಕ್ಷೆಯಾಯಿತು. ಸುದ್ದಿ ಹರಡುತ್ತಿದ್ದಂತೆ ಅಲ್ಲಲ್ಲಿ ರಸ್ತೆ ತಡೆ ಶುರುವಾಯಿತು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಅಧ್ಯಯನ ಪ್ರವಾಸದಲ್ಲಿದ್ದ ಬಸ್ಸು ಧರ್ಮಪುರಿಯ ಬಳಿ ಆ ತಡೆಯಲ್ಲಿ ಸಿಲುಕಿತು. ಪಕ್ಷದ ಕಾರ್ಯಕರ್ತರು ಬಸ್ಸಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದರು. ಮೂವರು ವಿದ್ಯಾರ್ಥಿನಿಯರು ಒಳಗೇ ಸುಟ್ಟು ಸತ್ತರು, ಹಲವರು ಗಾಯಗೊಂಡರು. ಆ ಹೆಣ್ಣುಮಕ್ಕಳಿಗೆ ಆ ಹೋಟೆಲಿನ ಹೆಸರೂ ಗೊತ್ತಿದ್ದಿರಲಾರದು. ಬೆಂಕಿ ಹಚ್ಚಿದವರಿಗೆ ಅವರ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅಮ್ಮನಿಗೆ ಅನ್ಯಾಯವಾಗಿದೆ, ಏನಾದರೂ ಮಾಡಬೇಕು ಎಂಬ ಆವೇಗ ಎದುರಿಗೆ ಸಿಕ್ಕದ್ದರ ಮೇಲೆ ಎರಗಿತು. ಅದೇ ಹೋಟೆಲ್ ಪ್ರಕರಣದಲ್ಲಿ 2001ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಜಯಲಲಿತಾ ಅವರನ್ನು ಖುಲಾಸೆಗೊಳಿಸಿತು. ಮೇಲ್ಮನವಿಯ ದಾರಿಯಲ್ಲಿ ಎರಡು ವರ್ಷ ತುಂಬುವ ಮೊದಲೇ ಸಿಕ್ಕಿದ ಪರಿಹಾರಕ್ಕಾಗಿ ಮೂರು ಜೀವಗಳು ಹೋಗಿದ್ದವು. ಮೂವರು ಕಾರ್ಯಕರ್ತರಿಗೆ 2007ರಲ್ಲಿ ಮರಣದಂಡನೆಯಾಯಿತು, 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2016ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ಜೀವಾವಧಿಗೆ ಇಳಿಸಿತು. 2018ರ ನವೆಂಬರ್‌ನಲ್ಲಿ, ಎಂಜಿಆರ್ ಜನ್ಮಶತಮಾನೋತ್ಸವದ ಹೆಸರಿನಲ್ಲಿ ಅಣ್ಣಾ ಡಿಎಂಕೆ ಸರ್ಕಾರದ ಕಾಲದಲ್ಲೇ ಅವರ ಬಿಡುಗಡೆಯಾಯಿತು.

ನಾಯಕರ ಮೇಲಿನ ನಿಷ್ಠೆಯ ಹೆಸರಿನಲ್ಲಿ ಕಾನೂನು ಮುರಿದವರಿಗೆ ಪಕ್ಷಗಳು ಕೊಡುವ ಸಂದೇಶ ಬಹಳ ಹಳೆಯದು. 1978ರ ಡಿಸೆಂಬರ್‌ನಲ್ಲಿ, ಚಿಕ್ಕಮಗಳೂರಿನಿಂದ ಗೆದ್ದುಹೋಗಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ ಜೈಲಿಗೆ ಕಳುಹಿಸಿದಾಗ, ಅವರ ಬಿಡುಗಡೆಗೆ ಒತ್ತಾಯಿಸಿ ಇಬ್ಬರು ಯುವಕರು ಆಟಿಕೆಯ ಆಯುಧ ಹಿಡಿದು ಇಂಡಿಯನ್ ಏರ್‌ಲೈನ್ಸ್ ವಿಮಾನವೊಂದನ್ನು ವಾರಾಣಸಿಗೆ ಅಪಹರಿಸಿದರು. 1980ರಲ್ಲಿ ಇಬ್ಬರಿಗೂ ಕಾಂಗ್ರೆಸ್ ಟಿಕೆಟ್ ಸಿಕ್ಕಿತು, ಇಬ್ಬರೂ ಉತ್ತರ ಪ್ರದೇಶದ ಶಾಸಕರಾದರು. ಇದನ್ನು ಕಂಡ ಕಾರ್ಯಕರ್ತ ಕಲಿಯುವುದೇನು ಎಂಬುದನ್ನು ವಿವರಿಸಬೇಕಿಲ್ಲ.

2014ರ ತೀರ್ಪಿನ ನಂತರ ಆಘಾತದಿಂದ ಸತ್ತವರು, ತಾವೇ ಪ್ರಾಣ ಬಿಟ್ಟವರು ಹಲವರೆಂದು ಪಕ್ಷ ಹೇಳಿತು, ಪ್ರತಿ ಕುಟುಂಬಕ್ಕೆ 3 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ಪಟ್ಟಿಯಲ್ಲಿ ಎಷ್ಟು ಸಾವುಗಳು ನಿಜವಾಗಿ ತೀರ್ಪಿನಿಂದ ಆದವು ಎಂಬ ಚರ್ಚೆ ಆಗಲೂ ಇತ್ತು. ನನ್ನ ಆಕ್ಷೇಪ ಬೇರೆ. ಸಾವಿನ ಪಟ್ಟಿಯನ್ನು ನಾಯಕರ ಜನಪ್ರಿಯತೆಯ ಪುರಾವೆಯಾಗಿ ಪ್ರಕಟಿಸುವುದು ಮತ್ತು ಅದಕ್ಕೆ ಒಂದು ಮೊತ್ತ ನಿಗದಿ ಮಾಡುವುದು, ಇನ್ನೊಬ್ಬ ದುರ್ಬಲ ಮನಸ್ಸಿನವನಿಗೆ ದಾರಿ ತೋರಿಸಿದಂತೆ. ಮನೆಯ ದುಡಿಯುವ ಕೈ ಹೋದ ಮೇಲೆ ಆ ಹಣ ಎಷ್ಟು ದಿನಕ್ಕೆ? ನನಗಾಗಿ ಯಾರೂ ಸಾಯಬೇಡಿ, ಯಾರ ಬಸ್ಸಿಗೂ ಕಲ್ಲೆಸೆಯಬೇಡಿ, ಮೇಲಿನ ನ್ಯಾಯಾಲಯ ಇದೆ ಎಂದು ಶಿಕ್ಷೆಯ ದಿನವೇ, ಜೈಲಿನೊಳಗೆ ಹೋಗುವ ಮೊದಲು ಗಟ್ಟಿಯಾಗಿ ಹೇಳುವುದು ಆರೋಪಿ ಸ್ಥಾನದಲ್ಲಿರುವ ಯಾವುದೇ ನಾಯಕರ ಮೊದಲ ಕರ್ತವ್ಯ ಎಂದು ನಾನು ನಂಬುತ್ತೇನೆ.

ಪಕ್ಷದ ಮೇಲಿನ ಮೆಟ್ಟಿಲುಗಳಲ್ಲಿ ನಿಷ್ಠೆಯ ಕಥೆ ಬೇರೆಯಾಗಿತ್ತು. ಸೆಪ್ಟೆಂಬರ್ 29ರಂದು ಓ. ಪನ್ನೀರ್‌ಸೆಲ್ವಂ ಕಣ್ಣೀರಿಡುತ್ತಲೇ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು, ಸಚಿವರು ಒಬ್ಬರ ಹಿಂದೊಬ್ಬರು ಬಿಕ್ಕಿ ಅತ್ತರು. ಜಯಲಲಿತಾ 2016ರ ಡಿಸೆಂಬರ್ 5ರಂದು ತೀರಿಕೊಂಡರು. ಮುಂದಿನ ಫೆಬ್ರವರಿ 7ರ ರಾತ್ರಿ ಅದೇ ಪನ್ನೀರ್‌ಸೆಲ್ವಂ ಮರೀನಾದ ಸಮಾಧಿಯ ಮುಂದೆ ಕುಳಿತು, ಪಕ್ಷದ ಚುಕ್ಕಾಣಿ ಹಿಡಿದಿದ್ದ ಶಶಿಕಲಾ ಅವರ ವಿರುದ್ಧ ಬಂಡೆದ್ದರು, ಶಾಸಕರು ರೆಸಾರ್ಟ್ ಸೇರಿದರು. ಒಟ್ಟಿಗೆ ಅತ್ತವರು ಎರಡು ತಿಂಗಳಲ್ಲಿ ಎರಡು ಬಣವಾದರು. ಕೆಳಗಿನವನಿಗೆ ಯಾವ ಬಣದಲ್ಲೂ ಹಂಚಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಅವನು ಜೇಬಿನ ಚಿತ್ರವನ್ನು ಹಾಗೆಯೇ ಇಟ್ಟುಕೊಂಡ.

2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಖುಲಾಸೆಯನ್ನು ತಳ್ಳಿಹಾಕಿ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಪುನಃಸ್ಥಾಪಿಸಿತು. ಮೂವರು ಜೈಲಿಗೆ ಹೋದರು. ತೀರಿಕೊಂಡಿದ್ದ ಜಯಲಲಿತಾ ಅವರ ಮಟ್ಟಿಗೆ ಮೇಲ್ಮನವಿ ಕಾನೂನಿನಂತೆ ಅಲ್ಲಿಗೇ ಕೊನೆಗೊಂಡಿತು. ಆದರೂ ನಾಲ್ವರೂ ಸೇರಿ ನಡೆಸಿದ ಸಂಚಿನ ಬಗ್ಗೆ ನ್ಯಾಯಾಲಯ ವಿವರವಾಗಿ ಬರೆಯಿತು. ‘ಅಮ್ಮನಿಗೆ ಶಿಕ್ಷೆಯಾಗಲೇ ಇಲ್ಲ’ ಎಂದು ಬೆಂಬಲಿಗರು ಇಂದಿಗೂ ಹೇಳುವುದು ಒಂದು ಅರ್ಥದಲ್ಲಿ ಸರಿ. ಆ ತೀರ್ಪಿನ ಪುಟಗಳನ್ನು ಓದಿದವರಿಗೆ ಬೇರೆಯೇ ಚಿತ್ರ ಸಿಗುವುದೂ ಸರಿ. ಈ ಎರಡನ್ನೂ ಒಂದಾಗಿಸುವ ತೀರ್ಪು ಇನ್ನು ಬರುವುದಿಲ್ಲ.

ಬದಲಾಯಿಸಬಹುದಾದದ್ದು ಋಣ ಹುಟ್ಟುವ ಜಾಗ. ಅದಕ್ಕೆ ಒಂದು ಅವಕಾಶ ಬಂದಿತ್ತು. ಹೈಕೋರ್ಟಿನ ಖುಲಾಸೆಯಾಗಿ ಎರಡೇ ದಿನಕ್ಕೆ, 2015ರ ಮೇ 13ರಂದು, ಸುಪ್ರೀಂ ಕೋರ್ಟ್ ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ ಮಹತ್ವದ ಆದೇಶ ಕೊಟ್ಟಿತು: ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿಯವರನ್ನು ಬಿಟ್ಟು ಬೇರೆ ಅಧಿಕಾರಸ್ಥರ ಚಿತ್ರ ಇರಬಾರದು. ಅದು ಜಾಹೀರಾತಿಗೆ ಸೀಮಿತವಾಗಿತ್ತು, ಮಿಕ್ಸಿಯ ಮೇಲಿನ ಮುಖವನ್ನು ಮುಟ್ಟುತ್ತಿರಲಿಲ್ಲ, ಪ್ರಧಾನಿಗೆ ಕೊಟ್ಟ ವಿನಾಯಿತಿಯೂ ಪ್ರಶ್ನಾರ್ಹವೇ. ಆದರೂ ಸಾರ್ವಜನಿಕ ಹಣ ಯಾರ ಮುಖವನ್ನೂ ಬೆಳೆಸಬಾರದು ಎಂಬ ತತ್ತ್ವ ಅಲ್ಲಿತ್ತು. ಕೇಂದ್ರ ಸರ್ಕಾರವೂ ಬೇರೆಬೇರೆ ಪಕ್ಷಗಳ ಆಡಳಿತವಿದ್ದ ಹಲವು ರಾಜ್ಯಗಳೂ ಒಟ್ಟಾಗಿ ಮರುಪರಿಶೀಲನೆ ಕೇಳಿದವು. 2016ರ ಮಾರ್ಚ್ 18ರಂದು ಮುಖ್ಯಮಂತ್ರಿಗಳ, ರಾಜ್ಯಪಾಲರ, ಸಚಿವರ ಚಿತ್ರಗಳಿಗೂ ಅನುಮತಿ ಸಿಕ್ಕಿತು. ಬೇರೆ ಯಾವ ವಿಷಯದಲ್ಲೂ ಒಂದಾಗದ ಪಕ್ಷಗಳು ಈ ಒಂದರಲ್ಲಿ ಒಂದಾದವು. ಆ ಆದೇಶವನ್ನು ಮರಳಿ ತರುವಂತೆ, ಯೋಜನೆಗಳ ಹೆಸರಿಗೂ ಪೊಟ್ಟಣಕ್ಕೂ ಅದನ್ನು ವಿಸ್ತರಿಸುವಂತೆ ಒತ್ತಾಯಿಸಬೇಕಾದವರು ತೆರಿಗೆ ಕಟ್ಟುವ ನಾವು, ಮತ್ತು ನಮ್ಮ ನಮ್ಮ ಮೆಚ್ಚಿನ ನಾಯಕರು ಅಧಿಕಾರದಲ್ಲಿರುವಾಗಲೇ ಒತ್ತಾಯಿಸಬೇಕು.